ಡಿಕ್ಕಿ ತೆರೆದ ಪ್ರಯಾಣ

ಮಗಳ ಮದುವೆಗೆಂದು ಕೊಂಡ ಕಪಾಟು ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. “ಮನೆ ಹತ್ತಿರವೇ ಅಲ್ಲವೇ” ಎಂದು ಮುಚ್ಚಳವನ್ನು ಹಗ್ಗದಿಂದ ಕಟ್ಟಿ, ಮಕ್ಕಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಡುತ್ತೇವೆ.

ಕಾರು ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ. ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದು, ತೆರೆದ ಡಿಕ್ಕಿಯಿಂದ ಒಳನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪ್ರಯಾಣದ ಆಯಾಸವೆಂದುಕೊಳ್ಳುತ್ತೇವೆ. ವಿಷ ಹೆಚ್ಚಿದರೆ ಪ್ರಾಣಕ್ಕೇ ಅಪಾಯ.

ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಕಲಮು, ಮಿತಿ ಮೀರಿ ಹಿಂದಕ್ಕೆ ಚಾಚಿದ ಸರಕಿಗೆ 20,000 ರೂ. ದಂಡ ಹೇಳುತ್ತದೆ. ಮೇಲೆತ್ತಿದ ಮುಚ್ಚಳದಿಂದ ನಂಬರ್ ಪ್ಲೇಟ್ ಕಾಣದಾದರೆ ಅದೂ ತಪ್ಪೇ.

ಗೂಡ್ಸ್ ಆಟೋದ ಬಾಡಿಗೆ ಉಳಿಸಲು ಮಕ್ಕಳ ಉಸಿರನ್ನು ಪಣಕ್ಕಿಡಬೇಕೇ? ಮುಂದಿನ ಬಾರಿ ಮನೆಯವರು ಹಗ್ಗ ಹುಡುಕುವಾಗ, ಬೇಡವೆಂದು ನೀವೇ ತಡೆಯಿರಿ.