ನೀರು ಕುದಿಯಲು ಎಷ್ಟು ಹೊತ್ತು?

ಒಲೆಯ ಮೇಲೆ ನೀರಿಟ್ಟು, ಕುದಿಯಿತೇ ಎಂದು ಮುಚ್ಚಳ ತೆಗೆತೆಗೆದು ನೋಡುವುದು ಎಲ್ಲ ಮನೆಗಳ ವಾಡಿಕೆ. ತೆಗೆದಾಗಲೆಲ್ಲ ಉಗಿ ಹೊರಹೋಗಿ ಕುದಿ ಇನ್ನಷ್ಟು ತಡವಾಗುವುದು. ಒಲೆ ಹೊತ್ತಿಸುವ ಮೊದಲೇ ಆ ಹೊತ್ತನ್ನು ಅಂದಾಜು ಮಾಡಲು ಶಾಲೆಯ ಗುಣಾಕಾರ, ಭಾಗಾಕಾರಗಳೇ ಸಾಕು.

ಒಂದು ಲೀಟರ್ ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ೪.೨ ಕಿಲೋಜೂಲ್ ಶಾಖ ಬೇಕು. ೨೫ ಡಿಗ್ರಿಯ ನೀರು ೧೦೦ ಮುಟ್ಟಲು ೩೧೫ ಕಿಲೋಜೂಲ್. ೧೫೦೦ ವಾಟಿನ ವಿದ್ಯುತ್ ಕೆಟಲು ಸೆಕೆಂಡಿಗೆ ೧.೫ ಕಿಲೋಜೂಲ್ ಕೊಡುವುದರಿಂದ ೨೧೦ ಸೆಕೆಂಡು; ಸೋರಿಕೆ ಸೇರಿಸಿ ನಾಲ್ಕು ನಿಮಿಷವೆನ್ನೋಣ. ಗ್ಯಾಸ್ ಒಲೆಯ ಉರಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುವುದು. ನೀರಿಗೆ ೧.೨ ಕಿಲೋವಾಟ್ ದಕ್ಕಿತೆಂದು ಹಿಡಿದರೆ ಲೀಟರಿಗೆ ನಾಲ್ಕೂವರೆ ನಿಮಿಷ, ಹತ್ತು ಲೀಟರಿಗೆ ಮುಕ್ಕಾಲು ಗಂಟೆ. ಮದುವೆಮನೆಯ ನೂರು ಲೀಟರಿನ ಕೊಪ್ಪರಿಗೆಗೆ ಏಳು ಗಂಟೆ ದಾಟುವುದು. ತೆರೆದ ಬಾಯಿಯಿಂದ ಶಾಖ ಸೋರಿ ಅದು ಕುದಿಯದೆಯೂ ಉಳಿಯಬಹುದು. ಅಡುಗೆಯವರು ದೊಡ್ಡ ಒಲೆ ಕೇಳುವುದು ಆಡಂಬರಕ್ಕಲ್ಲ.

ಕುದಿ ಬಂದ ಮೇಲಿನ ಲೆಕ್ಕವೇ ಬೇರೆ. ೧೭೬೨ರಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸರು ಕಾದ ಕಬ್ಬಿಣದ ಮೇಲೆ ತಗಡಿನ ಪಾತ್ರೆಯಲ್ಲಿ ನೀರಿಟ್ಟರು. ನಾಲ್ಕು ನಿಮಿಷಕ್ಕೆ ಕುದಿಯಿತು. ಪೂರ್ತಿ ಆರಿಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಶಾಖ ಕೊಟ್ಟರೂ ನೀರಿನ ಉಷ್ಣತೆ ಕುದಿಬಿಂದುವನ್ನು ಮೀರಲಿಲ್ಲ. ಗಡಿಯಾರವೊಂದನ್ನೇ ನೆಚ್ಚಿ ಇಷ್ಟು ದೊಡ್ಡ ತತ್ತ್ವವನ್ನು ಹಿಡಿದ ಪ್ರಯೋಗಗಳು ನಾವು ಬಲ್ಲಂತೆ ವಿರಳ.

ಕುಡಿಯುವ ನೀರಿನ ವಿಚಾರದಲ್ಲಿ ತಾಯಂದಿರು ಇದನ್ನು ಗಮನಿಸಬೇಕು. ತಳದಲ್ಲಿ ಮೊದಲು ಏಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ, ಅದು ಕುದಿಯಲ್ಲ. ನೀರು ಮೇಲುಕ್ಕಿ ಮಗುಚತೊಡಗಿದ ಮೇಲೆ ಒಂದು ನಿಮಿಷ ಕುದಿದರೆ ರೋಗಾಣುಗಳು ನಾಶವಾಗುವುವು. ಹೆಚ್ಚು ಕುದಿಸಿದಷ್ಟು ಶುದ್ಧವೆಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಮೇಲೆ ಹೇಳಿದ ಉರಿಯಲ್ಲಿಯೇ ಇನ್ನೂ ಹತ್ತು ನಿಮಿಷ ಬಿಟ್ಟರೆ ಲೀಟರಿನಲ್ಲಿ ೩೨೦ ಮಿಲಿಲೀಟರಿನಷ್ಟು ಆವಿಯಾಗುವುದು. ಗ್ಯಾಸು ಕುದಿಸಲು ಬೇಕಾದುದರ ಎರಡು ಪಟ್ಟಿಗೂ ಮೀರಿ ವ್ಯಯವಾಗುವುದು. ಕೊಪ್ಪಳ, ರಾಯಚೂರು ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುವುದು. ಲೀಟರಿಗೆ ೧.೧ ಮಿಲಿಗ್ರಾಂ ಇದ್ದದ್ದು ಹೀಗೆ ೧.೬ ಆಗಿ, ಅನುಮತಿಸಿದ ೧.೫ರ ಮಿತಿಯನ್ನು ದಾಟಿಬಿಡುವುದು. ಅಂಥ ಊರುಗಳಲ್ಲಿ ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಫ್ಲೋರೈಡ್ ತೆಗೆಯುವ ಘಟಕದ ನೀರನ್ನೇ ಮಕ್ಕಳಿಗೆ ಕೊಡತಕ್ಕದ್ದು.