ಸಾಂಬ್ರಾದಿಂದ ಕೊಲ್ಲಾಪುರಕ್ಕೆ ಎಷ್ಟು ಹೊತ್ತು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತೆಂಕಣಕ್ಕೆ ಸಾಂಬ್ರಾ, ವಾಯವ್ಯಕ್ಕೆ ಕೊಲ್ಲಾಪುರ. ಎರಡು ಕಡೆಯೂ ವಿಮಾನ ನಿಲ್ದಾಣಗಳಿವೆ. ಕೊಲ್ಲಾಪುರದ್ದು ಸಂಸ್ಥಾನದ ಕಾಲದಲ್ಲಿ, 1939ರಲ್ಲಿ ಆರಂಭವಾದುದು. ಸಾಂಬ್ರಾದ್ದು 1942ರಲ್ಲಿ, ಮಹಾಯುದ್ಧದ ಗದ್ದಲದಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದುದು. ಇವುಗಳ ನಡುವಣ ಆಕಾಶಮಾರ್ಗ ಎಷ್ಟು, ಅದರಿಂದ ನಮ್ಮಂಥವರಿಗೆ ಉಳಿಯುವ ಹೊತ್ತು ಎಷ್ಟು ಎಂಬುದನ್ನು ವಿಚಾರಿಸೋಣ. ಗಣಿತವೆಂದು ಕಲಾ ವಿಭಾಗದ ಮಿತ್ರರು ಹೆದರಬೇಕಾಗಿಲ್ಲ.

ಅಕ್ಷಾಂಶದ ಒಂದು ಕಲೆ, ಅಂದರೆ ಅಂಶದ ಅರವತ್ತನೆಯ ಒಂದು ಪಾಲು, ನೆಲದ ಮೇಲೆ ಸುಮಾರು 1.85 ಕಿ.ಮೀ. ಸಾಂಬ್ರಾ ಇರುವುದು 15 ಅಂಶ 52 ಕಲೆಯಲ್ಲಿ. ಕೊಲ್ಲಾಪುರದ ನಿಲ್ದಾಣ 16 ಅಂಶ 40 ಕಲೆಯಲ್ಲಿ. ಅಂತರ 48 ಕಲೆ, ಅಂದರೆ 89 ಕಿ.ಮೀ. ರೇಖಾಂಶದಲ್ಲಿ 20 ಕಲೆಗಳ ಅಂತರ. ನಮ್ಮ ಸೀಮೆಯಲ್ಲಿ ರೇಖಾಂಶಗಳು ತುಸು ಒತ್ತಿಕೊಂಡಿರುವುದರಿಂದ ಅದು 35 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಶುಲ್ಬಸೂತ್ರದವರೂ ಬಲ್ಲ ಕರ್ಣದ ಲೆಕ್ಕ ಹಾಕಿದರೆ ನೇರ ದೂರ 96 ಕಿ.ಮೀ. ಹುಕ್ಕೇರಿಯ ಪಡುವಣಕ್ಕೆ ಮೂರು ಹರದಾರಿಯ ಮೇಲೆ ಈ ಗೆರೆ ಹಾಯುತ್ತದೆ.

ಗಂಟೆಗೆ 500 ಕಿ.ಮೀ. ಓಡುವ ವಿಮಾನಕ್ಕೆ ಇದು ಹನ್ನೆರಡು ನಿಮಿಷದ ದಾರಿ. ಕೇಳಲು ಎಷ್ಟು ಚೆಂದ! ಆದರೆ ವಿಮಾನ ಮೇಲೇರಿ ಆ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಿದ್ಧತೆಯೇ ಶುರುವಾಗಬೇಕು. ಅದಕ್ಕೂ ಮೊದಲು ಮೂಡಲಗಿಯವನು ಬಸ್ಸಿನಲ್ಲಿ ಸಾಂಬ್ರಾ ಮುಟ್ಟಬೇಕಲ್ಲ! ಅದಕ್ಕೆ ಎರಡೂವರೆ ಗಂಟೆ ಹಿಡಿಯೋಣ. ತಪಾಸಣೆಗಾಗಿ ಒಂದೂವರೆ ಗಂಟೆ ಮುಂಚಿತವಾಗಿ ಹೋಗುವುದು, ಇಳಿದು ಹೊರಬರಲು ಅರ್ಧ ಗಂಟೆ. ಹಾರದೆಯೇ ನಾಲ್ಕೂವರೆ ಗಂಟೆ ಕಳೆದವು. ಅಷ್ಟರಲ್ಲಿ ಸಂಕೇಶ್ವರ, ನಿಪ್ಪಾಣಿಯ ಮೇಲೆ ಹೊರಟವನು ಕೊಲ್ಲಾಪುರದಲ್ಲಿ ಊಟ ಮುಗಿಸಿ ಅಡ್ಡಾಗಿರುತ್ತಾನೆ.

ಹಾಗಾದರೆ ವಿಮಾನ ಲಾಭವಾಗುವುದು ಎಲ್ಲಿಂದ? ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಎಂದಿಟ್ಟುಕೊಂಡರೆ ಮೂಡಲಗಿಯವನಿಗೆ 250 ಕಿ.ಮೀ. ದಾಟಿದ ಮೇಲೆ. ಈಗ ಒಂದು ಚಮತ್ಕಾರ ನೋಡಿರಿ. ವಿಮಾನದ ವೇಗವನ್ನು 800ಕ್ಕೆ ಏರಿಸಿದರೂ ಈ ಗಡಿ ಇಳಿಯುವುದು 240ಕ್ಕೆ ಮಾತ್ರ. ವಿಮಾನವನ್ನು ಹಾಗೆಯೇ ಬಿಟ್ಟು ಸಾಂಬ್ರಾಕ್ಕೆ ಹೋಗುವ ಹೊತ್ತಿನಲ್ಲಿ ಒಂದು ಗಂಟೆ ಉಳಿಸಿದರೆ ಗಡಿ 195ಕ್ಕೆ ಬರುತ್ತದೆ! ಹುಕ್ಕೇರಿಯವರ ಸ್ಥಿತಿ ಹೆಚ್ಚುಕಡಿಮೆ ಇದೇ. ಗೋಕಾಕದವರು ನಡುವೆ. ಆಕಾಶದ ಮಾತಾಡುವಾಗ ನಾವು ಕೆಂಪು ಬಸ್ಸಿನ ವೇಳಾಪಟ್ಟಿಯನ್ನು ಮರೆಯುತ್ತೇವೆ.

ದೂರದ ಊರಿಗಾದರೆ ಮಾತೇ ಬೇರೆ. ಸಾಂಬ್ರಾದಿಂದ ಮೈಸೂರಿಗೆ ಇದೇ ಲೆಕ್ಕದಲ್ಲಿ 460 ಕಿ.ಮೀ. ಈ ಎರಡು ಊರುಗಳ ನಡುವೆ ಎಪ್ಪತ್ತರಷ್ಟು ಆಸನಗಳ ಎ.ಟಿ.ಆರ್. ವಿಮಾನವೊಂದು ಹಾರತೊಡಗಿತ್ತು. ಮೈಸೂರಿನಲ್ಲಿ ಪ್ರವೇಶಕ್ಕೋ ಕೆಲಸಕ್ಕೋ ಸಂದರ್ಶನವಿದ್ದ ನಮ್ಮ ಕಡೆಯ ಹುಡುಗನಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಕೆಂಪಾದ ಕಣ್ಣುಗಳಿಂದ ಸಮಿತಿಯೆದುರು ನಿಲ್ಲುವ ಕಷ್ಟ ತಪ್ಪುವಂತಿತ್ತು. ಟಿಕೇಟಿನ ಹಣ ಹೊಂದಿಸುವುದು ಬೇರೆ ಪ್ರಶ್ನೆ, ಇರಲಿ. ಆದರೆ ಆ ವಿಮಾನ ನಡೆಸುತ್ತಿದ್ದ ಸಂಸ್ಥೆಯೇ 2022ರಲ್ಲಿ ಹಾರಾಟ ನಿಲ್ಲಿಸಿತು. 460 ಕಿ.ಮೀ. ಮಾತ್ರ ಅಷ್ಟೇ ಉಳಿಯಿತು.