ಸಣ್ಣ ಕಚೇರಿಯ ಸರ್ವರ್‌ಗೆ ಯಾವ ಹೈಪರ್‌ವೈಸರ್?

ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್‌ಗಳನ್ನು ನಡೆಸುವ ತಂತ್ರವೇ ವರ್ಚುವಲೈಸೇಶನ್. ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಪಾಲು ಹಾಕಿ ಕೊಡುವ ತಂತ್ರಾಂಶ ಹೈಪರ್‌ವೈಸರ್. ಆ ಪಾಲು ಪಡೆದು ಪ್ರತ್ಯೇಕ ಕಂಪ್ಯೂಟರಿನಂತೆ ಕೆಲಸ ಮಾಡುವುದು ವರ್ಚುವಲ್ ಮೆಷಿನ್, ಚಿಕ್ಕದಾಗಿ ವಿಎಂ. ಬಿಟಿಎಂ ಲೇಔಟಿನಲ್ಲಿ ಮನೆಗಳ ಮೇಲ್ಮಹಡಿಯನ್ನೇ ಬಾಡಿಗೆಗೆ ಹಿಡಿದ ಇಪ್ಪತ್ತು ಮೂವತ್ತು ಜನರ ಕಚೇರಿಗಳಿಗೆ ಇದು ಹೇಳಿ ಮಾಡಿಸಿದ್ದು. ಟ್ಯಾಲಿಗೊಂದು, ಫೈಲುಗಳಿಗೊಂದು, ಬಯೋಮೆಟ್ರಿಕ್ ಹಾಜರಾತಿಗೊಂದು, ಪರೀಕ್ಷೆಗೆಂದು ಲಿನಕ್ಸ್ ಹಾಕಿದ್ದು ಇನ್ನೊಂದು ಎಂದು ಯಂತ್ರಗಳನ್ನು ಸಾಲಾಗಿ ಇಟ್ಟರೆ ಕರೆಂಟು ಹೋದಾಗ ಯುಪಿಎಸ್ ಹೆಚ್ಚು ಹೊತ್ತು ತಡೆಯುವುದಿಲ್ಲ.

ತಂತ್ರವೇನೂ ಹೊಸದಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ ವಿಎಂ/370 ತಂದದ್ದು 1972ರಲ್ಲಿ. ಸಾಮಾನ್ಯ ಸರ್ವರ್‌ಗಳಿಗೆ ಅದನ್ನು ಒಗ್ಗಿಸಿದ ಹೆಗ್ಗಳಿಕೆ 1998ರಲ್ಲಿ ಶುರುವಾದ ವಿಎಂವೇರ್‌ನದು. ಅದರ ಇಎಸ್‌ಎಕ್ಸ್ ಸರ್ವರ್ 2001ರಲ್ಲಿ ಬಂತು. 2003ರಲ್ಲಿ ಬಂದ ವಿಮೋಶನ್, ನಡೆಯುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ದಾಟಿಸುವ ಸೌಲಭ್ಯ ಕೊಟ್ಟಿತು. ಕಂಪನಿಯ ದೊಡ್ಡ ಎಂಜಿನಿಯರಿಂಗ್ ಕಚೇರಿಯೊಂದು ಬಿಟಿಎಂಗೆ ಹತ್ತಿರದಲ್ಲೇ, ಬನ್ನೇರುಘಟ್ಟ ರಸ್ತೆಯ ದೊರೆಸಾನಿಪಾಳ್ಯದ ಕಲ್ಯಾಣಿ ವಿಸ್ಟಾದಲ್ಲಿ ನಡೆಯುತ್ತಿತ್ತು.

ಬಹುಕಾಲ ವಿಎಂವೇರ್ ಬಿಟ್ಟು ಬೇರೆ ಯೋಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ಅದನ್ನು ಕೊಂಡ ಮೇಲೆ ಲೆಕ್ಕ ಬದಲಾಯಿತು. ಒಮ್ಮೆ ದುಡ್ಡು ಕೊಟ್ಟು ಕಾಯಂ ಆಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ಮರುತಿಂಗಳೇ ನಿಂತಿತು. ಇನ್ನೇನಿದ್ದರೂ ಅವಧಿಗೊಮ್ಮೆ ನವೀಕರಿಸುವ ಚಂದಾ. ಇಎಸ್‌ಎಕ್ಸ್‌ನ ಮುಂದಿನ ಅವತಾರವಾದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ 2024ರ ಫೆಬ್ರುವರಿಯಲ್ಲಿ ಮರೆಯಾಗಿ 2025ರ ಏಪ್ರಿಲ್‌ನಲ್ಲಿ ಮರಳಿತು. ಹೀಗೆ ಬಂದು ಹೋಗುವ ಉಚಿತವನ್ನು ನಂಬಿ ವ್ಯವಹಾರ ನಡೆಸುವುದು ಕಷ್ಟ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ನೋಡಬೇಕು. ಎಂಟು ಕೋರಿನ ಎರಡು ಪ್ರೊಸೆಸರ್ ಇರುವ ಸರ್ವರ್ ಎಂದಿಟ್ಟುಕೊಂಡರೆ, ಇರುವುದು ಒಟ್ಟು 16 ಕೋರ್. ವಿಎಂವೇರ್ ನಿಯಮದಂತೆ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರಿನ ಚಂದಾ ಕಟ್ಟಬೇಕು. ಅಂದರೆ ಇಲ್ಲದ 16 ಕೋರಿಗೂ ಸೇರಿ 32ಕ್ಕೆ ಬಿಲ್ಲು. ಅದೇ ಯಂತ್ರಕ್ಕೆ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಕೊಂಡರೆ 16 ಕೋರಿನ ಒಂದು ಲೈಸೆನ್ಸ್ ಸರಿಹೋಗುತ್ತದೆ, ಅದರಡಿ ಎರಡು ವಿಂಡೋಸ್ ವಿಎಂ ನಡೆಸಬಹುದು. ನಾಲ್ಕು ಬೇಕಾದರೆ ಎಲ್ಲ ಕೋರಿಗೂ ಇನ್ನೊಂದು ಸುತ್ತು ಲೈಸೆನ್ಸ್. ಲೆಕ್ಕವಿಲ್ಲದಷ್ಟು ಬೇಕೆಂದರೆ ಡೇಟಾಸೆಂಟರ್ ಆವೃತ್ತಿ, ಅದು ದುಬಾರಿ. ಹೈಪರ್‌ವೈಸರ್ ಯಾವುದೇ ಇರಲಿ, ಒಳಗಿನ ವಿಂಡೋಸ್‌ಗೆ ಈ ಲೈಸೆನ್ಸ್ ತಪ್ಪಿದ್ದಲ್ಲ. ಹೈಪರ್‌ವೈಸರ್ ಪುಕ್ಕಟೆ ಸಿಕ್ಕಿತೆಂದು ಖುಷಿಪಡುವವರು ಮರೆಯುವುದು ಇದನ್ನೇ.

ಮೈಕ್ರೋಸಾಫ್ಟ್‌ನ ಹೈಪರ್-ವಿ 2008ರಿಂದ ವಿಂಡೋಸ್ ಸರ್ವರ್ ಜೊತೆಗೇ ಬರುತ್ತಿದೆ. ಕಚೇರಿಯ ಕೆಲಸವೆಲ್ಲ ವಿಂಡೋಸ್ ಮೇಲೆ, ಬೇಕಾದದ್ದು ಎರಡೇ ವಿಎಂ ಎನ್ನುವಲ್ಲಿ ಇದಕ್ಕೆ ಪ್ರತಿಸ್ಪರ್ಧಿ ಇಲ್ಲ. ಲೈಸೆನ್ಸ್ ಹೇಗೂ ಕೊಂಡಾಗಿರುತ್ತದೆ, ನೋಡಿಕೊಳ್ಳಬಲ್ಲವರೂ ಸುಲಭವಾಗಿ ಸಿಗುತ್ತಾರೆ. ಪ್ರತ್ಯೇಕವಾಗಿ ಉಚಿತ ಸಿಗುತ್ತಿದ್ದ ಹೈಪರ್-ವಿ ಸರ್ವರ್ ಮಾತ್ರ 2019ರ ಆವೃತ್ತಿಗೇ ನಿಂತಿತು.

ಲಿನಕ್ಸ್ ಇಷ್ಟಪಡುವವರ ಆಯ್ಕೆ ಕೆವಿಎಂ. ಅದು 2007ರಲ್ಲಿ ಲಿನಕ್ಸ್ ಕರ್ನೆಲ್‌ಗೇ ಸೇರಿತು. ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಂಪನಿ ಅದರ ಮೇಲೆ ಬ್ರೌಸರ್‌ನಲ್ಲೇ ನಡೆಸಬಹುದಾದ ವ್ಯವಸ್ಥೆಯೊಂದನ್ನು ಕಟ್ಟಿ 2008ರಲ್ಲಿ ಬಿಡುಗಡೆ ಮಾಡಿತು. ದುಡ್ಡು ಕೊಡದೆ ಬಳಸಬಹುದು. ಬೆಂಬಲ ಬೇಕೆಂದರೆ ಪ್ರೊಸೆಸರ್ ಲೆಕ್ಕದ ವಾರ್ಷಿಕ ಚಂದಾ, ಕೋರ್ ಎಷ್ಟಿದ್ದರೂ ಅಷ್ಟೇ. ಆದರೆ ಇದು ಕಲಿಯಬೇಕಾದ ಸರಕು. ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಬಳಸುವುದಾದರೆ, ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಹಾರ್ಡ್‌ವೇರ್ ರೇಡ್ ಕಾರ್ಡಿನ ಅಡಿಯಲ್ಲಿ ಡಿಸ್ಕ್ ಇಡಬಾರದು, ಮೆಮೊರಿಯೂ ಧಾರಾಳವಾಗಿ ಇರಬೇಕು. ಎರಡೇ ಸರ್ವರ್ ಜೋಡಿಸಿದರೆ, ಒಂದು ಕೈಕೊಟ್ಟಾಗ ಉಳಿದದ್ದು ಬಹುಮತವಿಲ್ಲವೆಂದು ತನ್ನ ಪಾಲಿನ ಕೆಲಸಕ್ಕೂ ಅಡ್ಡ ಹಾಕುತ್ತದೆ. ಮೂರನೇ ಮತಕ್ಕಾಗಿ ಇನ್ನೊಂದು ಪುಟ್ಟ ಕಂಪ್ಯೂಟರ್ ಇಡಬೇಕು. ರಾಸ್‌ಬೆರಿ ಪೈ ಸಾಕಾಗುತ್ತದೆ. ಲಿನಕ್ಸ್ ಗೊತ್ತಿರುವ ಒಬ್ಬರಾದರೂ ಕಚೇರಿಯಲ್ಲಿಲ್ಲದಿದ್ದರೆ ಉಳಿಸಿದ ಚಂದಾ ದುಡ್ಡು ಹೊರಗಿನವರ ಸರ್ವಿಸ್ ಚಾರ್ಜಿಗೇ ಹೋಗುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೆನ್ ಆಧಾರದ ಎಕ್ಸ್‌ಸಿಪಿ-ಎನ್‌ಜಿಯೂ ಇದೆ. ನ್ಯೂಟನಿಕ್ಸ್‌ನ ಎಎಚ್‌ವಿ ಹಲವು ಸರ್ವರ್ ಇರುವ ದೊಡ್ಡ ಕಂಪನಿಗಳಿಗೆ ಒಪ್ಪುವಂಥದ್ದು. ಒಂದು ಯಂತ್ರದ ಕಚೇರಿ ಅದರ ಗೊಡವೆಗೆ ಹೋಗಬೇಕಿಲ್ಲ.

ವೇಗದಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಸಣ್ಣ ಕಚೇರಿಗೆ ಗೊತ್ತಾಗುವಂಥದ್ದೇ ಅಲ್ಲ. ಗೊತ್ತಾಗುವುದು ಬ್ಯಾಕಪ್‌ನಲ್ಲಿ. ವಿಎಂನ ಆ ಕ್ಷಣದ ಸ್ಥಿತಿಯನ್ನು ಅದೇ ಡಿಸ್ಕಿನಲ್ಲಿ ಹಿಡಿದಿಡುವ ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದುಕೊಂಡರೆ ಡಿಸ್ಕ್ ಕೆಟ್ಟಾಗ ವಿಎಂ, ಸ್ನ್ಯಾಪ್‌ಶಾಟ್ ಎರಡೂ ಒಟ್ಟಿಗೇ ಹೋಗುತ್ತವೆ. 2023ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಇಎಸ್‌ಎಕ್ಸ್‌ಐ ಸರ್ವರ್‌ಗಳ ವಿಎಂಗಳಿಗೆ ಬೀಗ ಜಡಿಯಿತು. ಅದು ನುಗ್ಗಿದ್ದು ಎರಡು ವರ್ಷ ಹಿಂದೆಯೇ ಪ್ಯಾಚ್ ಬಿಟ್ಟಿದ್ದ ದೋಷದ ಮೂಲಕ ಎಂಬುದು ತಜ್ಞರ ಅಂದಾಜು. ಹೈಪರ್‌ವೈಸರ್ ಒಂದು ಕೆಟ್ಟರೆ ಅದರ ಮೇಲಿರುವುದೆಲ್ಲ ಕೆಡುತ್ತದೆ. ಆದ್ದರಿಂದ ಬ್ಯಾಕಪ್ ಬೇರೆ ಯಂತ್ರದಲ್ಲಿ, ಬೇರೆ ಪಾಸ್‌ವರ್ಡಿನಡಿ ಇರಬೇಕು.

ವಿಎಂವೇರ್‌ನಲ್ಲೇ ಇರುವವರಿಗೆ ಗಡುವುಗಳೂ ಇವೆ. ಇಎಸ್‌ಎಕ್ಸ್‌ಐ ಒಳಗೊಂಡ ಅದರ ತಂತ್ರಾಂಶದ ಕಟ್ಟು ವಿಸ್ಪಿಯರ್. ವಿಸ್ಪಿಯರ್ 7ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು, ವಿಸ್ಪಿಯರ್ 8ರದ್ದು 2027ರ ಅಕ್ಟೋಬರ್‌ವರೆಗೆ ಇದೆ. ಪ್ರಾಕ್ಸ್‌ಮಾಕ್ಸ್ 2024ರಲ್ಲಿ ಇಎಸ್‌ಎಕ್ಸ್‌ಐನಿಂದ ವಿಎಂಗಳನ್ನು ನೇರ ಎಳೆದುಕೊಳ್ಳುವ ಸೌಲಭ್ಯ ಸೇರಿಸಿತು. ಆದರೂ ವಿಂಡೋಸ್ ವಿಎಂ ಸಲೀಸಾಗಿ ಬರುವುದಿಲ್ಲ. ಸಾಗಿಸುವ ಮೊದಲು ವಿಎಂವೇರ್ ಟೂಲ್ಸ್ ತೆಗೆದುಹಾಕಬೇಕು. ಹೊಸ ಜಾಗದಲ್ಲಿ ಡಿಸ್ಕನ್ನು ಮೊದಲು ಸಾಟಾ ಎಂದು ತೋರಿಸಿ ಬೂಟ್ ಮಾಡಿ, ಕೆವಿಎಂನ ವರ್ಚುವಲ್ ಡಿಸ್ಕನ್ನು ಗುರುತಿಸಲು ಬೇಕಾದ ವರ್ಟ್‌ಐಒ ಡ್ರೈವರ್ ಹಾಕಿ, ಆಮೇಲೆ ಡಿಸ್ಕನ್ನು ವರ್ಟ್‌ಐಒಗೆ ಬದಲಿಸಬೇಕು. ಇಲ್ಲದಿದ್ದರೆ ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ ನೀಲಿ ಪರದೆಗೆ ಬಂದು ನಿಲ್ಲುತ್ತದೆ. ಹಾಜರಾತಿಯಂಥ ಚಿಕ್ಕ ವಿಎಂ ಮೊದಲು, ಟ್ಯಾಲಿ ಕೊನೆಗೆ; ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ವಾರದಲ್ಲಂತೂ ಬೇಡ. ಹೊಸ ವ್ಯವಸ್ಥೆಯಲ್ಲಿ ಒಂದು ತಿಂಗಳ ಲೆಕ್ಕ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಅಳಿಸದೆ ಇಟ್ಟುಕೊಳ್ಳುವುದು ರೂಢಿ.